ಹಲ್ಲಿನ ಕುಳಿಯೂ ಪಾರ್ವತಿ ಕಾಕುವಿನ ಸಾರೂ

ಕಿತ್ತ ಹಲ್ಲನ್ನು ಡಾಕ್ಟರು ತನ್ನ ಕೈಗೆ ಕೊಡಲಿಲ್ಲ ಎಂಬ ಸಿಟ್ಟು ಭೀಮಸೇನನಿಗೆ ಇವತ್ತಿಗೂ ಇಳಿದಿಲ್ಲ. ಹಲ್ಲು ಯಾರದು? ಅವನದು. ಜೋಳದ ರೊಟ್ಟಿ ಅಗಿದು, ಶೇಂಗಾ ಕುರುಕಿ, ಸಿಟ್ಟು ಬಂದಾಗಲೆಲ್ಲ ಕಟಕಟ ಕಡಿದು ಸವೆಸಿದ ಹಲ್ಲು. ಬಾಗಲಕೋಟೆ ಕಡೆಯ ಅವನ ಊರಿನಲ್ಲಿ ಬಿದ್ದ ಹಲ್ಲನ್ನು ಸಗಣಿಯ ಉಂಡೆಯೊಳಗಿಟ್ಟು ಮಾಳಿಗೆಯ ಮೇಲೆ ಎಸೆಯುತ್ತಾರೆ, ಕಸದಲ್ಲಿ ಹಾಕುವುದಿಲ್ಲ. ವಡೋದರೆಯ ಅಲಕಾಪುರಿಯ ಗಾಜಿನ ದವಾಖಾನೆಯಲ್ಲಿ ಡಾಕ್ಟರ್ ಪ್ರತೀಕ್ಷಾ ಎಂಬ ಹುಡುಗಿ ಅದನ್ನು ಇಕ್ಕಳದಲ್ಲಿ ಹಿಡಿದು, ಬೆಳಕಿಗೆ ಒಮ್ಮೆ ತಿರುಗಿಸಿ ನೋಡಿ, ಡಬ್ಬಿಯೊಳಗೆ ಟಣ್ ಎಂದು ಹಾಕಿಬಿಟ್ಟಳು.

ಹತ್ತಿ ಕಚ್ಚಿಕೊಂಡ ಬಾಯಿಯಲ್ಲಿ ಮಾತು ಬರದೆ ಅವನು ಕೈ ಚಾಚಿದ. ಡಬ್ಬಿ ತೋರಿಸಿದ, ಎದೆ ಮುಟ್ಟಿಕೊಂಡ.

"ಅದನ್ನ ತೊಗೊಂಡು ಏನು ಮಾಡ್ತೀರಿ ಕಾಕಾ, ಹುಳುಕು ಹಲ್ಲು," ಎಂದು ಅವಳು ಗುಜರಾತಿಯಲ್ಲಿ ಹೇಳಿ ನಕ್ಕಳು.

ಆಮೇಲೆ ಅವಳು ಹೇಳಿದ್ದೆಲ್ಲ ಆ ಸಿಟ್ಟಿನಲ್ಲಿ ಅವನ ಕಿವಿಗೆ ಬಿತ್ತೇ ಹೊರತು ತಲೆಗೆ ಇಳಿಯಲಿಲ್ಲ. ಇವತ್ತು ಬಾಯಿ ಮುಕ್ಕಳಿಸಬೇಡಿ, ಉಗುಳಬೇಡಿ, ತಂಬಾಕು ಬೇಡ; ನಾಳೆಯಿಂದ ಬೆಚ್ಚಗಿನ ಉಪ್ಪುನೀರು, ಅದೂ ಮೆಲ್ಲಗೆ. ಅವನು ತಲೆಯಾಡಿಸಿದ. ಪ್ರತಾಪನಗರದ ರೈಲ್ವೆ ಹಳಿಯ ಹಿಂದಿನ ತನ್ನ ಮನೆಗೆ ಬಂದವನೇ ಹತ್ತಿ ಉಗುಳಿ, ಬಚ್ಚಲಿಗೆ ಹೋಗಿ, ತಂಬಿಗೆ ತುಂಬ ನೀರು ತೆಗೆದುಕೊಂಡು ಗಳಗಳ ಮುಕ್ಕಳಿಸಿದ. ನೀರು ಕೆಂಪಗೆ ಬಂತು. ಮತ್ತೆ ಮುಕ್ಕಳಿಸಿದ. ತಿಳಿಯಾಗುವ ತನಕ ಬಿಡಲಿಲ್ಲ.

ಬೇರೆಯವರಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲವೋ ಏನೋ. ಆದರೆ ಭೀಮಸೇನ ಮಡಿಯ ಅಡಿಗೆಯವನು. ಬ್ಯಾಂಕು, ರೈಲ್ವೆ, ವಿಮೆ ಎಂದು ಕರ್ನಾಟಕದಿಂದ ವರ್ಗವಾಗಿ ಬಂದ ಮನೆಗಳಲ್ಲಿ ಮುಂಜಿವೆ, ಸತ್ಯನಾರಾಯಣ ಪೂಜೆ, ತಿಥಿ ಏನಿದ್ದರೂ ಒಲೆ ಹಚ್ಚುವವನು ಅವನೇ. ಬಾಯಲ್ಲಿ ರಕ್ತದ ರುಚಿ ಇಟ್ಟುಕೊಂಡು ದೇವರ ಒಲೆಯ ಮುಂದೆ ನಿಲ್ಲುವುದು ಹೇಗೆ? ಉಂಡ ಕೈ ತೊಳೆದಷ್ಟೇ ಸಹಜವಾಗಿ ಅವನು ಬಾಯಿ ತೊಳೆದ.

ಅವನನ್ನು ವಡೋದರೆಗೆ ತಂದದ್ದು ಅವನ ಸಿಟ್ಟು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು, ಮೀಸೆ ಮೂಡುವ ವಯಸ್ಸಿಗೆ ಸೂರತ್ತಿನ ಪಾಂಡೇಸರಾದಲ್ಲಿ ಬಣ್ಣದ ಮಿಲ್ಲಿನ ಕ್ಯಾಂಟೀನಿಗೆ ಸೇರಿದ. ಬೇಳೆಗೆ ನೀರು ಸುರಿಯಲು ಹೇಳಿದ ಗುತ್ತಿಗೆದಾರನ ಮುಂದೆ ಸೌಟು ಎಸೆದು ಹೊರಬಿದ್ದ. ಅಹಮದಾಬಾದಿನ ನರೋಡಾದಲ್ಲಿ ಇನ್ನೊಂದು ಕ್ಯಾಂಟೀನು; ಅಲ್ಲಿಯೂ ಅದೇ ಕಥೆ, ಸೌಟಿನ ಬದಲು ಕರಿಯುವ ಝಾರೆ. ಊರಿಗೆ ಹೋಗಲು ಮುಖವಿಲ್ಲದೆ ವಡೋದರೆಯ ಸ್ಟೇಷನ್ನಿನಲ್ಲಿ ಕೂತಿದ್ದಾಗ, ಕನ್ನಡದಲ್ಲಿ ಯಾರನ್ನೋ ಬೈಯುತ್ತಿದ್ದ ಅವನ ದನಿ ಕೇಳಿ ನಿಂತವರು ಪಾರ್ವತಿ ಕಾಕು. ಬ್ಯಾಂಕಿನವರ ಮನೆಯ ಹೆಣ್ಣುಮಗಳು, ಧಾರವಾಡ ಕಡೆಯವರು.

"ಬೈಗುಳ ಚಂದ ಅದಾವ. ಅಡಿಗಿ ಬರ್ತದೇನೋ?" ಎಂದು ಕೇಳಿದರು. ಮನೆಗೆ ಕರೆದುಕೊಂಡು ಹೋಗಿ ಮೊದಲು ಊಟಕ್ಕೆ ಹಾಕಿದರು.

ಮರುದಿನ ಅವನು ಸಾರು ಕುದಿಸಿ, ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟು ನೆಕ್ಕಿ ನೋಡಿದ. ಕಾಕು ಆ ಪಾತ್ರೆಯನ್ನು ಎತ್ತಿ ಬಚ್ಚಲಿಗೆ ಸುರಿದರು.

"ದೇವರಿಗಿಂತ ಮುಂಚೆ ನಾಲಿಗಿ ಹೋಗಬಾರದೋ ಭೀಮ್ಯಾ. ಕೈ ತಾ ಇಲ್ಲೆ."

ಅವನ ಬಲಗೈ ಹಿಡಿದು, ಅಂಗೈಯಲ್ಲಿ ಹರಳುಪ್ಪು ಹಾಕಿ, ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮಾಡಿಸಿದರು. "ಇಷ್ಟು ಅಂದ್ರ ಈ ಪಾತ್ರಿಗೆ ಇಷ್ಟು. ಕಣ್ಣು ಮರೀಲಿ, ಕೈ ಮರೀಬಾರದು."

ಅವನು ಕಲಿತ. ಆದರೆ ವರ್ಷಗಳು ಹೋದಂತೆ ಅವನಿಗೆ ಮೂಗಿನ ಹೆಮ್ಮೆ ಹತ್ತಿತು. ನಾಲಿಗೆಗೆ ತಾಗಿಸದಿದ್ದರೇನು, ಸಾರಿನ ಹಬೆಗೆ ಮೂಗೊಡ್ಡಿ ಉಪ್ಪು ಹೆಚ್ಚೋ ಕಡಿಮೆಯೋ ಹೇಳುತ್ತಿದ್ದ, ಒಂದೆರಡು ಹರಳು ಮತ್ತೆ ಸೇರಿಸುತ್ತಿದ್ದ. ಕನ್ನಡ ಮನೆಗಳಲ್ಲೆಲ್ಲ ಅವನು 'ಮೂಗಿನ ಭೀಮಣ್ಣ' ಆದ. ಕಾಕು ಮಾತ್ರ ಯಾರ ಮನೆಯ ಪಂಕ್ತಿಯಲ್ಲಿ ಕೂತರೂ ಉಂಡೆದ್ದು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿಯೇ ಹೋಗುತ್ತಿದ್ದರು. "ಉಪ್ಪು ಒಂದು ಹಳ್ಳು ಜಾಸ್ತಿ ಆತಲ್ಲೋ. ಮೂಗಿಲೇ ಅರ್ಧ ಊಟ ಮಾಡಿಬಿಡ್ತಿ ನೀ."

ಊರೆಲ್ಲ ಹೊಗಳುವಾಗ ಈ ಒಂದು ಮಾತಿಗೆ ಅವನ ಮೈ ಉರಿಯುತ್ತಿತ್ತು. ಹೋದ ವರ್ಷ ಕಾಕು ತೀರಿಕೊಂಡ ಮೇಲೆ ಹಾಗೆ ಹೇಳುವವರು ಇರಲಿಲ್ಲ. ಪಂಕ್ತಿ ಏಳುವಾಗ ಅವನು ಈಗಲೂ ಒಮ್ಮೆ ಬಾಗಿಲ ಕಡೆ ನೋಡುತ್ತಾನೆ.

ಈಗ ಆ ಕಾಕುವಿನ ವರ್ಷದ ತಿಥಿ ಹತ್ತಿರ ಬಂದಿತ್ತು. ಮಗ ದಿವಾಕರ ರಾಯರು, ಅವರೂ ಬ್ಯಾಂಕಿನವರೇ, ತಿಂಗಳ ಹಿಂದೆಯೇ ಹೇಳಿದ್ದರು. ಹೇಳದಿದ್ದರೂ ಅವನು ಹೋಗುವವನೇ. ಹಲ್ಲುನೋವು ಇಟ್ಟುಕೊಂಡು ಒಲೆಯ ಮುಂದೆ ನಿಲ್ಲಬಾರದೆಂದು ರಾಯರೇ ಅವನನ್ನು ಅಲಕಾಪುರಿಯ ದವಾಖಾನೆಗೆ ಕರೆದುಕೊಂಡು ಹೋದದ್ದು.

ಕಿತ್ತ ದಿನ ನೋವಿರಲಿಲ್ಲ. ಮರುದಿನವೂ ಅಂಥದ್ದೇನಿಲ್ಲ. "ನೋಡಿದೇನ, ಮುಕ್ಕಳಿಸಿದ್ದಕ್ಕ ಸ್ವಚ್ಛ ಆತು," ಎಂದು ಹೆಂಡತಿ ಗಿರಿಜಾಳ ಮುಂದೆ ಬೀಗಿದ. ಅದರ ಮಾರನೆಯ ದಿನ ಬೆಳಿಗ್ಗೆ ಚಹಾ ಬಾಯಿಗಿಟ್ಟಾಗ, ದವಡೆಯೊಳಗೆ ಯಾರೋ ಕಾದ ಸರಳು ಇಳಿಸಿದಂತಾಯಿತು.

ಕಡಲೆಕಾಳು ಹಿಡಿಯುವಷ್ಟು ಕುಳಿ. ಅಷ್ಟರಲ್ಲಿ ಅಷ್ಟೊಂದು ನೋವು ಹೇಗೆ ಹಿಡಿಸಿತು ಎಂಬುದು ಅವನಿಗೆ ಇವತ್ತಿಗೂ ಸೋಜಿಗ. ಕುಳಿಯಿಂದ ಹೊರಟದ್ದು ಕಿವಿಗೆ, ಕಿವಿಯಿಂದ ಕಪಾಳಕ್ಕೆ, ಅಲ್ಲಿಂದ ಕಣ್ಣಿನ ಹಿಂದಕ್ಕೆ. ಉಸಿರು ಎಳೆದರೆ ಗಾಳಿಯೂ ಚುಚ್ಚುತ್ತಿತ್ತು. ಕೈ ಸುಟ್ಟುಕೊಂಡಿದ್ದಾನೆ, ಕುದಿಯುವ ಎಣ್ಣೆ ಕಾಲ ಮೇಲೆ ಬಿದ್ದಿದೆ. ಆಗೆಲ್ಲ ಬೈದು ನೋವು ಕಳೆದಿದ್ದ. ಈ ನೋವಿಗೆ ಬೈಯಲು ಬಾಯಿಯೇ ಬರುತ್ತಿರಲಿಲ್ಲ. ಬಾಯಿಜೋರಿನ ಗಂಡಸನ್ನು ಬಾಯಿಯೇ ಕಟ್ಟಿಹಾಕಿತ್ತು.

ಮುಕ್ಕಳಿಸುವುದು ಬೇಡವೆಂದು ಗಿರಿಜಾ ಮೊದಲ ದಿನವೇ ಹೇಳಿದ್ದಳು. ಈಗ ಉಪ್ಪುನೀರು ಬೆಚ್ಚಗೆ ಮಾಡಿ ಕೊಡುತ್ತ ಬಿಡದೆ ಹೇಳಿದಳು. "ಹೆಪ್ಪು ಹಾಕಿದ ಗಡಿಗಿ ಯಾರರೇ ಅಲ್ಲಾಡಸ್ತಾರೇನ್ರೀ? ರಕ್ತನೂ ಹಂಗೇ, ಹೆಪ್ಪುಗಟ್ಟಿ ಗಾಯಕ್ಕ ಮುಚ್ಚಳ ಆಗಿರ್ತದ. ನೀವು ಬಾಯೊಳಗ ಕಡಗೋಲು ಆಡಿಸಿ ತಗದೊಗದ್ರಿ. ಈಗ ಎಲುವು ಬರಿಮೈಲೆ ಕೂತದ."

ಅವನು ದುರುಗುಟ್ಟಿ ನೋಡಿದ. ಅಷ್ಟೇ ಆದದ್ದು.

ಉಪ್ಪುನೀರು ಕ್ಷಣ ಹೊತ್ತು ತಣಿಸಿತು. ಅರಿಶಿನದ ಮುದ್ದೆ ಇಟ್ಟಳು. ನೋವು ಹೋಗಲಿಲ್ಲ, ಹಲ್ಲೆಲ್ಲ ಹಳದಿಯಾದವು. ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ಕೆನ್ನೆಗೆ ಒತ್ತಿದರೆ ಒತ್ತಿದಷ್ಟು ಹೊತ್ತು ಸುಖ. ಕೊನೆಗೆ ಪಕ್ಕದ ಮನೆಯ ನಮಿತಾ ಬೇನ್ ಬಂದಳು.

ನಮಿತಾ ಬೇನ್ ಗುಜರಾತಿನವಳು, ಗಂಡ ತೀರಿಕೊಂಡವಳು, ಮನೆಯಲ್ಲಿ ಬಾಲಕೃಷ್ಣನ ಸೇವೆ ಇಟ್ಟುಕೊಂಡವಳು. ಆ ದೇವರನ್ನು ಅವಳು 'ಠಾಕೋರ್ಜಿ' ಎನ್ನುತ್ತಾಳೆ. ಅವನಿಗೆ ನಸುಕಿನಿಂದ ಸಂಜೆಯವರೆಗೆ ಹೊತ್ತುಹೊತ್ತಿಗೆ ಅಡಿಗೆ. ತಾನು ಬೇಯಿಸಿ ಅವನಿಗೆ ತೋರಿಸಿದ್ದನ್ನು ಬಿಟ್ಟು ಬೇರೆ ಯಾರ ಕೈಯದ್ದೂ ತಿನ್ನದ ವ್ರತ ಅವಳದು. ಹೊರಗಿನ ನೀರನ್ನೂ ಕುಡಿಯುವುದಿಲ್ಲ. ಎರಡೂ ಮನೆಯ ನಡುವಿನ ಮಾತು ಹಿಂದಿ, ಗುಜರಾತಿ ಕಲಸಿದ್ದು.

"ಭೀಮಾಭಾಯಿ, ಇವತ್ತು ಬೀದಿ ಶಾಂತ ಇದೆ. ಊರು ಬಿಟ್ಟಿರಿ ಅಂದುಕೊಂಡೆ," ಎಂದಳು. ಆಮೇಲೆ ಅವನ ಮುಖ ನೋಡಿ ನಗು ನುಂಗಿದಳು. ಲವಂಗದ ಎಣ್ಣೆಯ ಪುಟ್ಟ ಶೀಸೆ ಗಿರಿಜಾಳ ಕೈಯಲ್ಲಿಟ್ಟು ಹೇಳಿಕೊಟ್ಟಳು: ಎಳ್ಳೆಣ್ಣೆಗೆ ಇದರ ಒಂದು ಹನಿ ಬೆರೆಸಬೇಕು, ಹತ್ತಿ ಅದ್ದಿ ಹಿಂಡಬೇಕು, ಕುಳಿಯ ಬಾಯಿಗೆ ಸ್ವಲ್ಪ ಹೊತ್ತು ಇಟ್ಟು ತೆಗೆಯಬೇಕು. ಬರೀ ಎಣ್ಣೆ ಹಾಕಬಾರದು, ಸುಡುತ್ತದೆ.

ಗಿರಿಜಾ ಹಾಗೆಯೇ ಮಾಡಿದಳು. ಉಸಿರು ಎರಡು ಸಲ ಎಳೆದು ಬಿಡುವುದರೊಳಗೆ ಕಿವಿಯ ಹತ್ತಿರದ ನೋವು ಹಿಂದೆ ಸರಿಯಿತು. ಆಮೇಲೆ ಕಪಾಳದ್ದು. ಕೊನೆಗೆ ಕುಳಿಯೊಳಗೆ ಮುದುಡಿಕೊಂಡು ಮಲಗಿತು. ಭೀಮಸೇನ ಗೋಡೆಗೆ ಒರಗಿ ಕಣ್ಣು ಬಿಟ್ಟುಕೊಂಡೇ ಕೂತ. ಎಷ್ಟು ಬುಟ್ಟಿ ಲವಂಗ ಈ ಕೈಯಲ್ಲಿ ಹೋಗಿದೆ. ಲಾಡುವಿಗೆ, ಹೋಳಿಗೆಗೆ, ವೀಳ್ಯದೆಲೆಯ ಸುರುಳಿಗೆ ಚುಚ್ಚಲು. ಒಂದು ಮೊಗ್ಗಿನೊಳಗೆ ಹೀಗೆ ಒಬ್ಬ ವೈದ್ಯ ಕೂತಿದ್ದಾನೆ ಎಂದು ಗೊತ್ತೇ ಇರಲಿಲ್ಲ.

ಆದರೆ ಅವನು ಭೀಮಸೇನನೇ. ನೋವು ಮತ್ತೆ ಎದ್ದಾಗ, ಹೆಂಡತಿ ನೀರಿಗೆ ಹೋದ ಸಮಯ ನೋಡಿ, ಒಂದು ಹನಿಗೆ ಇಷ್ಟು ಗುಣವಿದ್ದರೆ ಶೀಸೆಗೆ ಎಷ್ಟಿರಬೇಕು ಎಂದು ಬರೀ ಎಣ್ಣೆಯನ್ನೇ ಸುರಿದುಕೊಂಡ. ಕೆನ್ನೆಯ ಒಳಗಿನ ಚರ್ಮ ಬೆಳ್ಳಗೆ ಸುಲಿದು ಬಂತು.

ನಮಿತಾ ಬೇನ್ ಬಾಯಿಯೊಳಗೆ ಇಣುಕಿದಳು. "ಸಾರಿಗೂ ಹೀಗೇ ಮೆಣಸು ಸುರೀತೀರಾ?" ಎಂದಳು. "ನಡೀರಿ ದವಾಖಾನೆಗೆ. ಲವಂಗ ನೋವನ್ನ ಮಲಗಿಸುತ್ತೆ, ಗಾಯ ತೊಳೆಯೋದಿಲ್ಲ."

ಹಲ್ಲು ಕೊಡದ ಆ ಹುಡುಗಿಯ ಮುಖ ನೋಡಬಾರದೆಂದು ಅವನು ಆಣೆ ಮಾಡಿದ್ದ. ಹೋದ. ಪ್ರತೀಕ್ಷಾ ಬೈಯಲಿಲ್ಲ. ಕುಳಿಯನ್ನು ಬೆಚ್ಚಗಿನ ಉಪ್ಪುನೀರಿನಿಂದ ಮೆಲ್ಲಗೆ ತೊಳೆದು, ಸಣ್ಣ ಬಟ್ಟೆಯ ಪಟ್ಟಿಗೆ ಕಂದು ಬಣ್ಣದ ಲೇಪ ಹಚ್ಚಿ ಒಳಗೆ ಇಟ್ಟಳು. ಆ ಲೇಪದ ವಾಸನೆಗೆ ಅವನು ಕುರ್ಚಿಯ ಮೇಲೆ ಅರ್ಧ ಎದ್ದ.

"ಲವಂಗ?"

"ಹೌದು ಕಾಕಾ, ಅದರದ್ದೇ ಎಣ್ಣೆ ಇದೆ ಇದರಲ್ಲಿ. ಅಳತೆಯಲ್ಲಿ."

ಗಾಜಿನ ಗೋಡೆ, ಬೆಳ್ಳಿಯಂತೆ ಹೊಳೆಯುವ ಯಂತ್ರ, ತಲೆಯ ಮೇಲೆ ಸೂರ್ಯನಂಥ ದೀಪ. ಇಷ್ಟರ ನಡುವೆಯೂ ಕೊನೆಗೆ ಬಂದು ಕೂತದ್ದು ಅದೇ ಮೊಗ್ಗು. ಅವನು ಸುಮ್ಮನೆ ಬಾಯಿ ತೆರೆದುಕೊಂಡೇ ಇದ್ದ. ಅವಳು ಮುಚ್ಚಬಹುದು ಎಂದು ಹೇಳಬೇಕಾಯಿತು.

ನೋವು ಹಿಡಿತಕ್ಕೆ ಬಂತು. ತಿಥಿಗೆ ಒಂದೇ ದಿನ ಉಳಿದಿತ್ತು. ಬಾಯಲ್ಲಿ ಔಷಧವಿಟ್ಟುಕೊಂಡು ಮಡಿಯಲ್ಲಿ ಅಡಿಗೆ ಮಾಡಬಹುದೇ ಎಂದು ಪುರೋಹಿತರನ್ನು ಕೇಳಿದ್ದಕ್ಕೆ ಅವರು, "ಔಷಧಕ್ಕೆ ದೋಷ ಇಲ್ಲ, ನಿನ್ನ ಸಿಟ್ಟಿಗೆ ಅದ," ಎಂದಿದ್ದರು. ಎಲ್ಲ ಸರಿಹೋಯಿತು ಎಂದುಕೊಂಡು ಗಿರಿಜಾ ಒಲೆಯ ಮೇಲಿಟ್ಟಿದ್ದ ಸಾರಿನ ಹಬೆಗೆ ಮೂಗೊಡ್ಡಿದ.

ಲವಂಗ.

ಪಾತ್ರೆಯ ಮುಚ್ಚಳ ತೆಗೆದು ಇನ್ನೂ ಬಗ್ಗಿದ. ಲವಂಗ. ಇಂಗಿನ ಡಬ್ಬಿ ತೆಗೆದು ಮೂಸಿದ, ಅದರಲ್ಲೂ ಲವಂಗ. ಲೇಪ ಬಾಯಿಯೊಳಗಿಂದ ಮೂಗಿಗೆ ಏರಿ ಕೂತುಬಿಟ್ಟಿತ್ತು. ಪ್ರಪಂಚದಲ್ಲಿ ಬೇರೆ ವಾಸನೆಯೇ ಇರಲಿಲ್ಲ. ಮೂಗಿನ ಭೀಮಣ್ಣನಿಗೆ ಮೂಗು ಇರಲಿಲ್ಲ.

ಬೇರೆ ಊಟವಾಗಿದ್ದರೆ ಎಲೆಯ ತುದಿಗೆ ಉಪ್ಪು ಬಡಿಸಿರುತ್ತಾರೆ, ಕಡಿಮೆಯಾದವರು ಕಲಸಿಕೊಳ್ಳುತ್ತಾರೆ. ಅವರ ಮನೆತನಗಳಲ್ಲಿ ಶ್ರಾದ್ಧದ ಎಲೆಗೆ ಉಪ್ಪು ಬೇರೆ ಬಡಿಸುವಂತಿಲ್ಲ. ಉಣ್ಣುವವರು ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನುವಂತೆಯೂ ಇಲ್ಲ. ತಪ್ಪಿದರೆ ತಪ್ಪಿದ್ದೇ. ಅದೂ ಉಪ್ಪು ಕಲಿಸಿದವರ ಎಲೆಗೇ.

ಸುದ್ದಿ ಕೇಳಿ ದಿವಾಕರ ರಾಯರು ಫೋನು ಮಾಡಿದರು. "ಭೀಮಣ್ಣ, ಬ್ಯಾಸರ ಮಾಡ್ಕೋಬ್ಯಾಡ. ಅಹಮದಾಬಾದಿನಾಗ ಒಬ್ಬರು ಅಡಿಗಿಯವರು ಇದ್ದಾರಂತ. ಮುಂಜಾನೆ ಬರ್ತಾರ."

"ಬರ್ಲಿ ರಾಯರ. ಬಂದು ಹೊರಗ ಕೂಡ್ರಲಿ. ಕಾಕುನ ತಿಥಿಗೆ ಒಲಿ ಹಚ್ಚಾಂವ ನಾನು."

ಫೋನು ಇಟ್ಟವನೇ ಇಂಗಿನ ಡಬ್ಬಿ ತೆಗೆದು ಮತ್ತೊಮ್ಮೆ ಮೂಸಿದ. ಗಿರಿಜಾ ನೋಡಿದಳು. ಪಕ್ಕದ ಮನೆಗೆ ಹೋಗಿ ನಮಿತಾ ಬೇನ್‌ಗೆ ಹೇಳಿದಳು.

"ಮೂಗಿನಿಂದ ಅಡಿಗೆ ಮಾಡ್ತಾರಾ?" ನಮಿತಾ ಬೇನ್‌ಗೆ ಅದೇ ದೊಡ್ಡ ಆಶ್ಚರ್ಯ. "ವಾಸನೆ ನೋಡಿದರೆ ಎಂಜಲಾಗಲಿಲ್ಲವಾ? ನಮ್ಮಲ್ಲಿ ಹೂವನ್ನೂ ಮೂಸೋದಿಲ್ಲ. ಕರೀರಿ ಅವರನ್ನ. ಹೊಸ್ತಿಲ ಆಚೆ ನಿಂತು ನೋಡಲಿ."

ಅವನು ಹೊಸ್ತಿಲ ಆಚೆ ನಿಂತ. ಅವಳು ಮಿಂದು, ಮಡಿ ಸೀರೆ ಉಟ್ಟು, ಮೂಗು ಬಾಯಿ ಎರಡಕ್ಕೂ ಬಿಳಿ ಬಟ್ಟೆ ಕಟ್ಟಿಕೊಂಡಳು. ಅಂದು ಠಾಕೋರ್ಜಿಗೆ ಸುಖಡಿ. ಗೋಧಿಹಿಟ್ಟನ್ನು ತುಪ್ಪದಲ್ಲಿ ಹುರಿದು ಬೆಲ್ಲ ಬೆರೆಸುವ ಸಿಹಿ. ಹಿಟ್ಟು ಹುರಿದದ್ದು ಸಾಕೋ ಬೇಕೋ ಎಂದು ತಿಳಿಯುವುದೇ ಅದರ ಘಮದಿಂದ ಎಂದು ಭೀಮಸೇನ ನಂಬಿದ್ದ. ಅವಳು ಕಣ್ಣನ್ನೂ ಅರ್ಧ ಮುಚ್ಚಿ ಸೌಟು ಆಡಿಸುತ್ತಿದ್ದಳು. ಮೊದಮೊದಲು ಸೌಟು ಕೆಸರಿನಲ್ಲಿ ನಡೆದ ಹಾಗೆ ಸದ್ದು ಮಾಡಿತು. ಆಮೇಲೆ ಒದ್ದೆ ಮರಳಿನ ಹಾಗೆ. ಇದ್ದಕ್ಕಿದ್ದಂತೆ ಸದ್ದು ಹಗುರಾಗಿ ಸರಸರ ಎಂದಿತು. ಅದೇ ಗಳಿಗೆಗೆ ಅವಳು ಒಲೆ ಆರಿಸಿದಳು. ಹಿಟ್ಟು ಬಾದಾಮಿಯ ಬಣ್ಣಕ್ಕೆ ಬಂದು ನಿಂತಿತ್ತು. ಪಕ್ಕದ ಒಲೆಯ ದಾಲ್‌ಗೆ ಉಪ್ಪು ಹಾಕಿದಾಗ ಅವಳು ಪಾತ್ರೆಯ ಕಡೆಗೂ ನೋಡಲಿಲ್ಲ, ಗೋಡೆಯ ಮೇಲಿನ ಠಾಕೋರ್ಜಿಯ ಚಿತ್ರ ನೋಡುತ್ತಿದ್ದಳು.

ಅವಳು ಮುಖದ ಬಟ್ಟೆ ಬಿಚ್ಚಿದ ಮೇಲೆ ಅವನು ಕೇಳಿದ. "ಉಪ್ಪು ಹೆಂಗ ತಿಳೀತು?"

"ನನಗೆಲ್ಲಿ ತಿಳಿಯುತ್ತೆ? ಕೈಗೆ ತಿಳಿಯುತ್ತೆ. ನಾನು ನಡುವೆ ಹೋಗೋದಿಲ್ಲ ಅಷ್ಟೇ."

"ತಪ್ಪಿದ್ರ?"

"ಮದುವೆಯಾಗಿ ಬಂದ ಹೊಸದರಲ್ಲಿ ಅದೇ ಹೆದರಿಕೆ. ಅತ್ತೆ ಹೇಳಿದರು, ಮೂಗು ಅನ್ನೋದು ಸಾಕ್ಷಿ, ಕೆಲಸ ಮಾಡಿದವನು ಕೈ. ಸಾಕ್ಷಿ ಊರಲ್ಲಿಲ್ಲ ಅಂದರೆ ಕೆಲಸ ನಿಲ್ಲುತ್ತಾ?" ಅವಳು ನಕ್ಕಳು. "ನಿಮ್ಮ ಕೈಗೆ ಕಲಿಸಿದವರು ಯಾರಾದರೂ ಇರಬೇಕಲ್ಲ ಭೀಮಾಭಾಯಿ. ನಾಳೆ ಅವರನ್ನ ನೆನೆಸಿ ಕೈ ಬಿಚ್ಚಿ."

ಅವನು ಜೀವಮಾನದಲ್ಲಿ ಮೊದಲ ಸಲ ಒಬ್ಬರ ಮಾತಿಗೆ ಎದುರಾಡದೆ ಮನೆಗೆ ನಡೆದ.

ತಿಥಿಯ ದಿನ ದಿವಾಕರ ರಾಯರ ಅಡಿಗೆಮನೆಯಲ್ಲಿ ಒದ್ದೆ ಪಂಚೆಯುಟ್ಟು ಒಲೆ ಹಚ್ಚಿದ. ಅನ್ನ, ಹೆಸರುಬೇಳೆ, ಉದ್ದಿನ ವಡೆ, ಗೋಧಿ ಪಾಯಸ, ಮೆಣಸಿನ ಸಾರು. ಕುಳಿ ಆಗಾಗ ಒಮ್ಮೆ ಮಿಡಿದು ತಾನಿದ್ದೇನೆ ಎನ್ನುತ್ತಿತ್ತು. ಸಾರು ಮರಳಿತು. ಅಭ್ಯಾಸಬಲದಿಂದ ಬಗ್ಗಿದ, ಲವಂಗ ಎದುರು ಬಂತು, ನೆಟ್ಟಗೆ ನಿಂತ. ಹರಳುಪ್ಪಿನ ಡಬ್ಬಿಗೆ ಕೈ ಹಾಕಿದ. ಕಣ್ಣು ಮುಚ್ಚಿದ. ಬೆರಳುಗಳು ಒಂದೊಂದಾಗಿ ಮಡಚಿಕೊಂಡವು, ಯಾರೋ ಮಡಚಿದ ಹಾಗೆ. ಪಾತ್ರೆಯ ಮೇಲೆ ಮುಷ್ಟಿ ಬಿಚ್ಚಿದ. ಇನ್ನೆರಡು ಹರಳು ಹಾಕಲು ಕೈ ಮತ್ತೆ ಡಬ್ಬಿಯ ಕಡೆ ಹೋಯಿತು. ಹೆಚ್ಚೋ ಕಡಿಮೆಯೋ ಹೇಳಲು ಮೂಗಿರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡ.

ತಿಥಿಯ ಎಲೆಗೆ ಕೂತ ಇಬ್ಬರು ಬ್ರಾಹ್ಮಣರು ಮಾತಿಲ್ಲದೆ ಉಂಡರು. ಭೀಮಸೇನ ಬಡಿಸುತ್ತ ಅವರ ಮುಖಗಳನ್ನೇ ನೋಡಿದ. ಹುಬ್ಬು ಏರಲಿಲ್ಲ, ಇಳಿಯಲಿಲ್ಲ. ಇಬ್ಬರಲ್ಲಿ ಹಿರಿಯರು ಸಾರಿಗೆ ಇನ್ನೊಮ್ಮೆ ಅಂಗೈ ಒಡ್ಡಿದರು. ಅದು ರುಚಿಗೋ, ಗಂಟಲು ಒಣಗಿದ್ದಕ್ಕೋ, ಹೇಳುವವರು ಯಾರು?

ಆಮೇಲೆ ಮನೆಯವರ ಪಂಕ್ತಿ. ದಿವಾಕರ ರಾಯರು ಸಾರನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ಅಗಿಯುವುದು ನಿಂತಿತು. ತುತ್ತು ನುಂಗಿ, ಎಲೆ ನೋಡುತ್ತ ಕೂತರು. ಬಾಗಿಲ ಹತ್ತಿರ ಸೌಟು ಹಿಡಿದು ನಿಂತಿದ್ದ ಭೀಮಸೇನ ಒಂದು ಹೆಜ್ಜೆ ಮುಂದೆ ಬಂದ.

"ಉಪ್ಪು ಹೆಚ್ಚಾತೇನ್ರಿ ರಾಯರ?"

"ಇಲ್ಲೋ."

"ಕಮ್ಮಿ?"

ರಾಯರು ತಲೆ ಎತ್ತಿದರು. "ನಿನ್ನ ಸಾರು ಇಷ್ಟು ವರ್ಷ ಉಂಡೀನಿ ಭೀಮಣ್ಣ. ಇದು ನಿಂದಲ್ಲ. ನಿಂದಕ್ಕಿಂತ ಒಂದು ಹಳ್ಳು ಕಮ್ಮಿ ಅದ." ಅವರು ಇನ್ನೊಂದು ತುತ್ತು ಕಲಸಿಕೊಂಡರು. "ಅವ್ವ ಹಿಂಗೇ ಮಾಡ್ತಿದ್ಲು."

ಭೀಮಸೇನ ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕೂತ. ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಅದನ್ನೇ ನೋಡಿದ. ಇಷ್ಟು ವರ್ಷ ಈ ಕೈ ಕಾಕುವಿನ ಉಪ್ಪನ್ನೇ ಹಾಕುತ್ತಿತ್ತು. ಮೇಲಿನ ಒಂದೆರಡು ಹರಳು ಮೂಗಿನದು, ಅಂದರೆ ಅವನದು. ಅವರು ಬಾಗಿಲಲ್ಲಿ ನಿಂತು ಪ್ರತಿ ಸಲ ಹೇಳುತ್ತಿದ್ದದ್ದು ಅಷ್ಟನ್ನೇ. ಲವಂಗ ಅವನನ್ನು ಪಕ್ಕಕ್ಕೆ ಸರಿಸಿದ ಕೂಡಲೇ ಅವರು ಬಂದು ತಮ್ಮ ಸಾರು ತಾವೇ ಮಾಡಿಕೊಂಡು ಹೋಗಿದ್ದರು. ಅವನು ಮತ್ತೊಮ್ಮೆ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಹೇಳುವುದೂ ಏನಿರಲಿಲ್ಲ.

ಕುಳಿ ತುಂಬಿಕೊಂಡಿತು. ಪ್ರತೀಕ್ಷಾ ಪಟ್ಟಿ ತೆಗೆದಳು, ಹೊಸ ಮಾಂಸ ಬಂದಿದೆ ಎಂದಳು. ಮೂಗೂ ತಿರುಗಿ ಬಂತು. ಸಾರು ಮರಳುವಾಗ ಅವನು ಈಗ ಮುಖ ಆಚೆ ತಿರುಗಿಸುತ್ತಾನೆ. ಹಲ್ಲಿನ ವಿಷಯಕ್ಕೆ ಮಾತ್ರ ಆ ಹುಡುಗಿಯನ್ನು ಕ್ಷಮಿಸಿಲ್ಲ.

ಉಳಿದದ್ದು ನಮಿತಾ ಬೇನ್‌ಳ ಋಣ. ಅಡಿಗೆಯವನು ಋಣ ತೀರಿಸುವುದು ಅನ್ನದಲ್ಲಿ. ಅವನ ಹತ್ತಿರ ಬೇರೆ ಏನಿದೆ? ಅವಳು ಅವನ ಕೈಯ ಒಂದು ಅಗುಳನ್ನೂ ಉಣ್ಣುವವಳಲ್ಲ. ಯಾವ ಸಾರು ಅವಳಿಂದ ಆಯಿತೋ ಅದರ ಒಂದು ತೊಟ್ಟೂ ಅವಳ ಬಾಯಿಗೆ ಹೋಗುವಂತಿಲ್ಲ.

"ಹಸಿ ಪದಾರ್ಥ ನಡೀತದೇನು?" ಎಂದು ಕೇಳಿದ.

"ಅದು ಠಾಕೋರ್ಜಿಗೆ. ಕೊಡಿ, ಬೇಡ ಅನ್ನಲಿಕ್ಕೆ ನಾನು ಯಾರು?"

ಊರಿನಿಂದ ಬೆಲ್ಲ ತರಿಸಿ ಸ್ಟೀಲಿನ ಡಬ್ಬಿ ತುಂಬಿ ಕೊಟ್ಟ. ನಿರುಮ್ಮಳವಾಯಿತು ಎಂದುಕೊಂಡು ಮಲಗಿದ. ಮರುದಿನ ಅದೇ ಡಬ್ಬಿ ತುಂಬ ಸುಖಡಿ ಬಂತು. ಪ್ರಸಾದ, ಒಲ್ಲೆ ಅನ್ನುವಂತಿಲ್ಲ. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ಎರಡೂ ಮನೆಯಲ್ಲಿಲ್ಲ. ಮತ್ತೆ ಬೆಲ್ಲ ಕೊಟ್ಟ. ಮತ್ತೆ ಸುಖಡಿ ಬಂತು, ಈ ಸಲ ಮೇಲೆ ಗೋಡಂಬಿ ಬೇರೆ.

"ಇದು ಮುಗಿಯೂ ಲೆಕ್ಕ ಅಲ್ಲರೀ," ಎಂದು ಗಿರಿಜಾ ನಗುತ್ತಾಳೆ.

ಅವನು ಸುಖಡಿಯ ತುಂಡನ್ನು ಹಲ್ಲಿರುವ ಕಡೆಗೆ ಹಾಕಿಕೊಂಡು ಮೆಲ್ಲಗೆ ಅಗಿಯುತ್ತಾನೆ, ನಾಲಿಗೆ ತಾನಾಗಿಯೇ ಆ ಖಾಲಿ ಜಾಗವನ್ನು ಮುಟ್ಟಿ ಬರುತ್ತದೆ. ಡಬ್ಬಿ ತೊಳೆದು ಬೋರಲು ಹಾಕಿದೆ. ಬೆಲ್ಲದ ಪೆಂಟೆ ಒಡೆಯಬೇಕು.